ನೋಡದೆ ಬಿಟ್ಟ ಕೊನೆಯ ಅರ್ಧ ಗಂಟೆ

ನನಗೆ ಇಷ್ಟವಾದ ಸಿನಿಮಾಗಳಲ್ಲಿ ಯುದ್ಧವಿಲ್ಲ, ಅರಮನೆಯಿಲ್ಲ, ಹತ್ತು ಜನರನ್ನು ಒಟ್ಟಿಗೆ ಹೊಡೆದುರುಳಿಸುವ ನಾಯಕನೂ ಇಲ್ಲ. ಪಟ್ಟಣದ ಅಂಚಿನಲ್ಲಿ ಹೊಸದಾಗಿ ಎದ್ದ ಒಂದು ಬಡಾವಣೆ, ಅರ್ಧಕ್ಕೆ ನಿಂತ ಮನೆಗಳು, ನಡುನಡುವೆ ಪಾರ್ಥೇನಿಯಂ ಬೆಳೆದ ಖಾಲಿ ಸೈಟುಗಳು, ದಿನಕ್ಕೆರಡೇ ಬಸ್ಸು, ಗೇಟಿನ ಹತ್ತಿರ ನಿಂತು ನೀರಿನ ಟ್ಯಾಂಕರ್ ಕಾಯುವ ಹೆಂಗಸು. ಇಷ್ಟಿದ್ದರೆ ನನಗೆ ಸಾಕು. ಅಂಥವನ್ನು ಹುಡುಕಿ ಹುಡುಕಿ ನೋಡಿದ್ದೇನೆ, ಲೆಕ್ಕವಿಟ್ಟಿಲ್ಲ. ಆದರೆ ಮೊನ್ನೆ ಮೊನ್ನೆಯವರೆಗೂ ಅವುಗಳಲ್ಲಿ ಒಂದರ ಕೊನೆಯೂ ನನಗೆ ಗೊತ್ತಿರಲಿಲ್ಲ.

ಅದು ಹೇಗೆ ಎಂದು ಹೇಳುತ್ತೇನೆ. ಅದಕ್ಕೂ ಮೊದಲು ಹೇಳಿಬಿಡಬೇಕಾದ ಮಾತು ಇನ್ನೊಂದಿದೆ. ಈ ದೇಶದಲ್ಲಿ ನನಗಿದ್ದ ಒಬ್ಬಳೇ ಗೆಳತಿಯನ್ನು ನಾನು ನನ್ನ ಬಾಯಿಂದಲೇ ಕಳೆದುಕೊಂಡೆ, ಅದೂ ಒಂದು ಸಿನಿಮಾದ ಬಗ್ಗೆ ಮಾತಾಡುತ್ತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನಜ್ಜಿ ನನಗಾಗಿಯೇ ದಿನಕ್ಕೆರಡು ಸಲ ಹೇಳುತ್ತಿದ್ದಳು. ಕೇಳಿಸಿಕೊಳ್ಳಲಿಲ್ಲ.

ನಾವು ಮೈಸೂರಿನವರು. ಈಗ ಈ ಕೊಲ್ಲಿ ದೇಶದಲ್ಲಿ, ದಾರ್ಸೈಟ್ ಎಂಬ ಬಡಾವಣೆಯ ನಾಲ್ಕನೇ ಮಹಡಿಯ ಫ್ಲಾಟಿನಲ್ಲಿದ್ದೇವೆ. ಅಡುಗೆಮನೆಯ ಕಿಟಕಿ ತೆಗೆದರೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ, ಹಜಾರದ ಕಿಟಕಿ ತೆಗೆದರೆ ಪಾರ್ಕಿಂಗು. ನನ್ನ ಗಂಡನ ಆಫೀಸು ಪಕ್ಕದ ರೂವಿ ಪೇಟೆಯಲ್ಲೇ. ನಮ್ಮ ಬಾಗಿಲಿಗೆ ಎದುರು ಬಾಗಿಲು ಅವಳದ್ದು. ಮಂಗಳೂರಿನ ಕಡೆಯ ಕ್ರೈಸ್ತ ಕುಟುಂಬ. ಮನೆಯೊಳಗೆ ಕೊಂಕಣಿ, ನನ್ನ ಜೊತೆ ಕನ್ನಡ, ಇಬ್ಬರು ಹೆಣ್ಣುಮಕ್ಕಳು ಯಾವ ಭಾಷೆಯಲ್ಲಿ ಕೇಳಿದರೂ ಉತ್ತರಿಸುವುದು ಇಂಗ್ಲಿಷಿನಲ್ಲಿ. ಅವಳ ಗಂಡ ಕಟ್ಟಡ ಸಾಮಾನಿನ ಕಂಪನಿಯೊಂದರ ಸುವೈಕ್ ಶಾಖೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಒಂದೂವರೆ ಗಂಟೆಯ ದಾರಿ. ಬೆಳಕು ಹರಿಯುವ ಮೊದಲೇ ಡಬ್ಬಿ ಹಿಡಿದು ಕಾರು ಹತ್ತುತ್ತಿದ್ದರು, ಕತ್ತಲಾದ ಮೇಲೆ ಬರುತ್ತಿದ್ದರು. ದೊಡ್ಡ ಆಳು, ಮಾತು ಮಾತ್ರ ಪಿಸುಮಾತು. ಶುಕ್ರವಾರ ಚರ್ಚಿನಲ್ಲಿ ಹಾಡುವಾಗ ಮಾತ್ರ ಅವರ ದನಿ ಕೇಳಬೇಕು ಎನ್ನುತ್ತಿದ್ದಳು ಅವಳು.

ಶುಕ್ರವಾರವೇ ಏಕೆಂದರೆ ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಊರಿನ ಚರ್ಚುಗಳ ಭಾನುವಾರದ ಬಲಿಪೂಜೆ ಇಲ್ಲಿ ಬಹಳಷ್ಟು ಜನರಿಗೆ ಶುಕ್ರವಾರಕ್ಕೆ ಬಂದು ಕೂತಿದೆ. ಭಾನುವಾರ ಬೆಳಿಗ್ಗೆ ನಾವೆಲ್ಲ ಮಕ್ಕಳ ಸಾಕ್ಸ್ ಹುಡುಕುತ್ತಿರುತ್ತೇವೆ. ಇಷ್ಟು ವರ್ಷಗಳಲ್ಲಿ ಭಾನುವಾರವೆಂದರೆ ನನ್ನ ಮೈಗೆ ಸೋಮವಾರವೇ ಆಗಿಹೋಗಿದೆ.

ಆ ಭಾನುವಾರದಿಂದ ಗುರುವಾರದವರೆಗೆ ನಮ್ಮಿಬ್ಬರ ಸಿನಿಮಾ. ಶಾಲೆಯ ಬಸ್ಸು ಹೋಗಿ, ಗಂಡಸರು ಹೋಗಿ, ಒಗೆಯುವುದು ಒರೆಸುವುದು ಮುಗಿಯುವಷ್ಟರಲ್ಲಿ ಹನ್ನೊಂದು. ಅವಳು ತನ್ನ ಚಹಾದ ಫ್ಲಾಸ್ಕನ್ನೂ ಹೆಚ್ಚುವ ತರಕಾರಿಯನ್ನೂ ಹಿಡಿದು ನಮ್ಮನೆಗೆ ಬರುತ್ತಿದ್ದಳು. ಟೀವಿಯಲ್ಲಿ ಅಂತರ್ಜಾಲದಿಂದ ಹುಡುಕಿ ಹಾಕುತ್ತಿದ್ದೆ. ಒಂದೂಕಾಲಿಗೆ ಮಕ್ಕಳ ಬಸ್ಸು ವಾಪಸು. ಎರಡೂವರೆ ಗಂಟೆಯ ಸಿನಿಮಾ, ನಡುವೆ ನಮ್ಮ ಹರಟೆಗೆ ನಿಲ್ಲಿಸುವುದು ಬೇರೆ. ಹಾಗಾಗಿ ಕೊನೆಯ ಅರ್ಧ ಗಂಟೆ ಯಾವಾಗಲೂ ಉಳಿದುಬಿಡುತ್ತಿತ್ತು. ಮೊದಲು ಅದು ಅನಿವಾರ್ಯವಾಗಿತ್ತು, ಆಮೇಲೆ ನಿಯಮವಾಯಿತು. ಉಳಿದದ್ದನ್ನು ಯಾರೂ ನೋಡಕೂಡದು. ಕೊನೆ ಏನಾಗಿರಬಹುದು ಎಂದು ಅವರವರ ಅಡುಗೆಮನೆಯಲ್ಲಿ ಯೋಚಿಸಿ ಮರುದಿನ ಚಹಾದ ಹೊತ್ತಿಗೆ ಹೇಳಬೇಕು. "ಅಮ್ಮಾ, ಜಸ್ಟ್ ವಾಚ್ ದಿ ಎಂಡ್, ನೋ?" ಎಂದು ನನ್ನ ಮಗಳು ಕಣ್ಣು ತಿರುಗಿಸುತ್ತಿದ್ದಳು. ನಿನಗೆ ತಿಳಿಯಲ್ಲ ಹೋಗೇ ಎಂದು ಗದರುತ್ತಿದ್ದೆ.

ನನ್ನ ಕೊನೆಗಳಲ್ಲಿ ಯಾರಿಗಾದರೂ ಶಿಕ್ಷೆಯಾಗಲೇಬೇಕು. ಪಕ್ಕದ ಸೈಟಿಗೆ ಕಸ ಎಸೆದವಳ ಮನೆಯ ನೀರಿನ ಸಂಪಿನೊಳಗೆ ಹಾವು ಬೀಳುತ್ತಿತ್ತು. ತಾಯಿಯನ್ನು ಗ್ಯಾರೇಜಿನಲ್ಲಿ ಮಲಗಿಸಿದ ಮಗನಿಗೆ ಬೆನ್ನು ಹಿಡಿದುಕೊಳ್ಳುತ್ತಿತ್ತು. ಅವಳ ಕೊನೆಗಳಲ್ಲಿ ಎಲ್ಲರೂ ಒಂದೇ ಮನೆಯಲ್ಲಿ ಕೂತು ಊಟ ಮಾಡುತ್ತಿದ್ದರು.

"ನಿನ್ನ ಸಿನಿಮಾದಲ್ಲಿ ಕಳ್ಳನಿಗೂ ಎರಡನೇ ಸಲ ಅನ್ನ ಬಡಿಸ್ತಾರಲ್ಲೇ," ಎನ್ನುತ್ತಿದ್ದೆ.

"ಮತ್ತೆ? ಅವನಿಗೆ ಹಸಿವೆ ಆಗುವುದಿಲ್ವಾ ಮಾರಾಯ್ತಿ?" ಎನ್ನುತ್ತಿದ್ದಳು.

ಮೊದಮೊದಲು ಅವಳಿಗೆ ನಾನು 'ಮಾರಾಯ್ರೆ' ಆಗಿದ್ದೆ. ನಾನೂ 'ಕಣ್ರೀ' ಎನ್ನುತ್ತಿದ್ದೆ. ಯಾವಾಗ ಅದು ಮಾರಾಯ್ತಿ ಮತ್ತು ಕಣೇ ಆಯಿತೋ ಇಬ್ಬರಿಗೂ ನೆನಪಿಲ್ಲ. ನನ್ನ ಮದುವೆಯಾದ ಮೇಲೆ ನನ್ನನ್ನು ಏಕವಚನದಲ್ಲಿ ಕರೆದ ಹೊಸಬಳು ಅವಳೊಬ್ಬಳೇ.

ನಾವು ಆ ಸಿನಿಮಾಗಳನ್ನು ಯಾಕಷ್ಟು ಇಷ್ಟಪಟ್ಟೆವು ಎಂದು ಈಗ ಯೋಚಿಸುತ್ತೇನೆ. ಅಲ್ಲಿನ ಹೆಂಗಸರನ್ನು ಕಂಡು ನಗಬಹುದಿತ್ತು, ಅದಕ್ಕೇ. ಬೆಳಿಗ್ಗೆ ಗಂಡನನ್ನು ಕಳಿಸಿ ಸಂಜೆಯವರೆಗೆ ನಾಲ್ಕು ಗೋಡೆ, ಹೊರಗೆ ಹೋಗಬೇಕೆಂದರೆ ಯಾರಾದರೂ ಕರೆದುಕೊಂಡು ಹೋಗಬೇಕು, ಮಾತಿಗೆ ಪಕ್ಕದ ಮನೆಯವಳೊಬ್ಬಳು, ಅವಳ ಮುಂದೆಯೂ ಮರ್ಯಾದೆ ಕಾಪಾಡಿಕೊಳ್ಳುವ ಸರ್ಕಸ್ಸು. ಅಯ್ಯೋ ಪಾಪ ಎನ್ನುತ್ತಿದ್ದೆವು. ನಮಗೂ ಕಾರು ಓಡಿಸಲು ಬರುತ್ತಿರಲಿಲ್ಲ. ನಮ್ಮ ವೀಸಾಗಳೂ ಗಂಡಂದಿರ ಕೆಲಸಕ್ಕೆ ಗಂಟು ಹಾಕಿಕೊಂಡಿದ್ದವು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವವರು ನಾವು. ಸಿನಿಮಾದ ಬಡಾವಣೆಗೂ ದಾರ್ಸೈಟಿಗೂ ಇದ್ದ ವ್ಯತ್ಯಾಸವೆಂದರೆ ಇಲ್ಲಿ ನೀರು ತಪ್ಪದೆ ಬರುತ್ತದೆ.

ಕಳೆದ ವರ್ಷ ಫೆಬ್ರವರಿಯ ಹೊತ್ತಿಗೆ ಅವಳ ಕೊನೆಗಳು ಬದಲಾಗತೊಡಗಿದವು. ಊಟಕ್ಕೆ ಕೂರುವವರು ಕಡಿಮೆಯಾದರು. ಒಮ್ಮೆ ಊಟವೇ ಇರಲಿಲ್ಲ, ಮನೆಗೆ ಬೀಗ ಹಾಕಿ ಎಲ್ಲರೂ ಎಲ್ಲಿಗೋ ಹೋಗಿಬಿಟ್ಟರು. "ಏನೇ ಇದು, ನನ್ನ ಗಾಳಿ ನಿನಗೆ ಬೀಸಿತಾ?" ಎಂದು ರೇಗಿಸಿದೆ. ನಕ್ಕಳು. ಬೀನ್ಸ್ ನಾರು ತೆಗೆಯುತ್ತ ತೆಗೆಯುತ್ತ ಕೈ ನಿಲ್ಲಿಸಿ ಕೂತಿರುತ್ತಿದ್ದಳು. ನಾನು ಸಿನಿಮಾ ನೋಡುತ್ತಿದ್ದೇನೆ ಎಂಬ ಭ್ರಮೆಯಲ್ಲಿ ಅವಳನ್ನು ನೋಡಲಿಲ್ಲ.

ಮಾರ್ಚಿನಲ್ಲಿ ಒಂದು ಮಂಗಳವಾರ ಬಟ್ಟೆ ಕೊಳ್ಳಲು ಮತ್ರಾದ ಸೂಕಿಗೆ, ಬಂದರಿನ ಹತ್ತಿರದ ಹಳೇ ಪೇಟೆಗೆ, ಟ್ಯಾಕ್ಸಿಯಲ್ಲಿ ಹೋಗಿದ್ದೆ. ಬೆಳಿಗ್ಗೆ ಹತ್ತೂವರೆ. ಬಂದರಿನ ಎದುರು, ಸಮುದ್ರದ ಬದಿ ಕಾರುಗಳು ಸಾಲಾಗಿ ನಿಲ್ಲುವ ಕಡೆ ಅವಳ ಗಂಡನ ಕಾರು. ಒಳಗೆ ಅವರು, ಸೀಟು ಹಿಂದಕ್ಕೆ ಮಾಡಿ, ಮುಖದ ಮೇಲೆ ಕರವಸ್ತ್ರ ಹಾಕಿಕೊಂಡು ಮಲಗಿದ್ದರು. ಬಂದರಿಗೆ ಸಾಮಾನು ಬಿಡಿಸಿಕೊಳ್ಳಲು ಬಂದಿರಬೇಕು ಎಂದುಕೊಂಡೆ. ಮರುದಿನ ಅವಳು ಬಂದು ಕೂತ ಕೂಡಲೇ ಶುರು ಮಾಡಿದೆ.

"ಪುಣ್ಯವಂತೆ ಕಣೇ ನೀನು. ನಿನ್ನ ಯಜಮಾನರು ಕಂಪನಿ ಟೈಮಲ್ಲಿ ಸಮುದ್ರದ ಗಾಳಿ ತಗೊಂಡು ಗೊರಕೆ ಹೊಡೀತಿದ್ರು. ನಮ್ಮೋರಿಗೆ ಇಂಥ ಕೆಲಸ ಯಾವ ಕಫೀಲ್, ಯಾವ ಧಣಿ ಕೊಡ್ತಾನೋ!"

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದಳು. "ಹೌದಾ," ಎಂದಳು. ಅಷ್ಟೇ.

ಅಂದು ನಾವು ಹಾಕಿದ್ದು ಹಳೆಯ ಸಿನಿಮಾ. ಬಡಾವಣೆಯ ಕೊನೆಯ ಸಾಲಿನಲ್ಲಿ ಒಂದು ಮನೆ, ಅದರಾಚೆ ಬರೀ ಕಡಲೆಕಾಯಿ ಹೊಲ. ಗಂಡ ದಿನಾ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗುತ್ತಾನೆ. ಹೆಂಡತಿ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯವಳ ಜೊತೆ ಮಾತಾಡುತ್ತಾಳೆ. ಪಕ್ಕದವಳಿಗೆ ಬಾಯಿ ಜೋರು. ಕಥೆ ಎಲ್ಲಿಗೂ ಹೋಗದೆ ಆರಾಮಾಗಿ ಸಾಗುತ್ತಿತ್ತು. ಒಂದೂಕಾಲಾಯಿತು, ನಿಲ್ಲಿಸಿ ಬಸ್ಸಿಗೆ ಇಳಿದೆವು.

ಮರುದಿನ, ಗುರುವಾರ, ಅವಳು ಚಹಾ ಬಗ್ಗಿಸುತ್ತ ಹೇಳಿದಳು. "ನಾನು ನಿನ್ನೆ ಅದರ ಕೊನೆ ನೋಡಿದೆ ಮಾರಾಯ್ತಿ."

ನನಗೆ ಸಿಟ್ಟು ಬಂತು. ನಿಯಮ ಮುರಿದಿದ್ದಳು. "ಥೂ, ಮೋಸಗಾತಿ. ಸರಿ, ನೋಡಿಯಾಯ್ತಲ್ಲ, ಬೊಗಳು."

"ಅವನ ಕೆಲಸ ಹೋಗ್ತದೆ. ಅವ ಮನೆಯಲ್ಲಿ ಹೇಳುವುದಿಲ್ಲ. ದಿನಾ ಇಸ್ತ್ರಿ ಅಂಗಿ ಹಾಕಿ, ಡಬ್ಬಿ ಹಿಡ್ಕೊಂಡು ಹೋಗ್ತಾನೆ. ಎಲ್ಲಿಯೋ ಕೂತು ಸಂಜೆ ಬರ್ತಾನೆ."

"ಹೆಂಡತಿ ಏನು ಕುರುಡಿಯಾ?"

"ಅವಳಿಗೆ ಮೊದಲ ವಾರದಲ್ಲೇ ಗೊತ್ತಾಗ್ತದೆ. ಡಬ್ಬಿ ತೊಳೆದು ತರ್ತಾನಲ್ಲ. ಮದುವೆ ಆದ ಮೇಲೆ ಒಂದು ದಿನ ಡಬ್ಬಿ ತೊಳೆದ ಜನ ಅಲ್ಲ ಅವ. ಈಗ ಅವನಿಗೆ ಪುರುಸೊತ್ತು ಉಂಟು, ತೊಳೀತಾನೆ."

"ಡಬ್ಬಿ ತೊಳೆದ ಅಂದ್ರೆ ಕೆಲಸ ಹೋಯ್ತು ಅಂತಾನಾ? ಯಾವನೋ ತಲೆಕೆಟ್ಟೋನು ಬರೆದಿರೋದು. ನಂಬೋ ಹಾಗಿಲ್ಲ ಬಿಡು," ಎಂದೆ. "ಗೊತ್ತಾದ ಮೇಲೆ ಬಾಯಿಬಿಟ್ಟು ಕೇಳಕ್ಕೇನು ಅವಳಿಗೆ?"

"ಕೇಳಿದ್ರೆ ಮರುದಿನ ಬೆಳಿಗ್ಗೆ ಅವನಿಗೆ ಹೋಗ್ಲಿಕ್ಕೆ ಜಾಗ ಇಲ್ಲ ಅಲ್ವಾ. ಅದಕ್ಕೆ ಇವಳು ನಾಲ್ಕು ಗಂಟೆಗೆ ಎದ್ದು ಡಬ್ಬಿ ಕಟ್ಟಿ ಕೊಡ್ತಾಳೆ. ಎರಡು ಹೆಣ್ಣುಮಕ್ಕಳು ಬೇರೆ ಉಂಟಲ್ಲ." ಅವಳು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಅವಳು ಎಂತ ಮಾಡ್ಬೇಕಿತ್ತು ಹೇಳು."

ಸಿನಿಮಾ ವಿಷಯದಲ್ಲಿ ತೀರ್ಪು ಕೇಳಿದರೆ ನನಗೆ ಹಬ್ಬ. ಕೈಯಲ್ಲಿದ್ದ ಚಾಕುವನ್ನೂ ಕೆಳಗಿಡಲಿಲ್ಲ. "ಮೊದ್ದು ಹೆಂಗಸು. ಮಕ್ಕಳನ್ನ ಕಟ್ಕೊಂಡು ತವರಿಗೆ ಹೋಗ್ಬೇಕಿತ್ತು. ಇಬ್ಬರೂ ಸೇರಿ ನಾಟಕ ಆಡ್ಕೊಂಡು ಕೂತಿದಾರೆ, ನಾಚಿಕೆಗೆಟ್ಟೋರು."

"ಪಕ್ಕದ ಮನೆಯವಳು ಉಂಟಲ್ಲ. ಅವಳಿಗೆ ಹೇಳ್ಬಹುದಿತ್ತಾ?"

"ಹೇಳ್ಲಿ, ಚೆನ್ನಾಗಿರುತ್ತೆ! ಇವತ್ತು ಹೇಳಿದ್ರೆ ನಾಳೆಯಿಂದ ಅವಳು ಬಾಗಿಲೇ ತೆಗೆಯಲ್ಲ. ಎಲ್ಲಿ ಏನು ಕೇಳ್ತಾರೋ ಅಂತ ಯಾರಿಗೂ ಭಯ ಇರಲ್ವಾ? ನಾನಾಗಿದ್ರೂ ಅಷ್ಟೇ, ಒಳಗಿನಿಂದ ಚಿಲಕ ಹಾಕ್ಕೊಂಡು ಕೂರ್ತಿದ್ದೆ."

ಅಂದು ನಾನು ಜೋರಾಗಿ ನಕ್ಕಿದ್ದೆ. ಅವಳೂ ಸ್ವಲ್ಪ ನಕ್ಕಳು. "ಹೌದು ಮಾರಾಯ್ತಿ, ಅದು ಹೌದು," ಎಂದಳು. ಹೊಸ ಸಿನಿಮಾ ಹಾಕಿದೆವು. ತಲೆ ನೋಯುತ್ತದೆ ಎಂದು ಅರ್ಧಕ್ಕೇ ಎದ್ದು ಹೋದಳು.

ಒಂದು ತಿಂಗಳ ಬಳಿಕ ಅವರು ದೇಶ ಬಿಟ್ಟರು. ಮಕ್ಕಳ ಓದಿಗೆ ಊರೇ ಸರಿ ಎಂದು ತೀರ್ಮಾನ ಮಾಡಿದ್ದೇವೆ ಎಂದಳು. ಆ ತಿಂಗಳು ಅವಳು ಬಂದದ್ದು ಮೂರೋ ನಾಲ್ಕೋ ಸಲ. ಪ್ಯಾಕಿಂಗ್ ಎನ್ನುತ್ತಿದ್ದಳು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು, ನನ್ನನ್ನು ಒಂದು ಮಾತೂ ಕೇಳದೆ ತೀರ್ಮಾನ ಮಾಡಿದಳಲ್ಲ ಎಂದು. ಹೊರಡುವ ದಿನ ನೀರುದೋಸೆಯ ಕಬ್ಬಿಣದ ಕಾವಲಿ ತಂದುಕೊಟ್ಟಳು. ಲಗೇಜಿಗೆ ತೂಕ ಹೆಚ್ಚಾಗ್ತದೆ, ನೀನಿಟ್ಟುಕೋ ಎಂದಳು. ನನಗೆ ನೀರುದೋಸೆ ಬರಲ್ಲ ಕಣೇ, ಅಂಟಿಕೊಳ್ಳುತ್ತೆ ಎಂದು ಅದಕ್ಕೂ ಗೊಣಗಿದೆ. ಕೆಳಗೆ ಅವಳ ಗಂಡ ಸಾಮಾನು ಏರಿಸುತ್ತಿದ್ದರು. ನನ್ನ ಗಂಡ ಅವರ ಕೈ ಕುಲುಕಿದ್ದನ್ನು ಕಿಟಕಿಯಿಂದ ನೋಡಿದೆ. ಇಬ್ಬರೂ ನೆಲ ನೋಡುತ್ತಿದ್ದರು.

ಎದುರು ಫ್ಲಾಟು ಎರಡು ತಿಂಗಳು ಖಾಲಿಯಿತ್ತು. ಹನ್ನೊಂದು ಗಂಟೆಗೆ ಟೀವಿ ಹಾಕುತ್ತಿದ್ದೆ, ಐದು ನಿಮಿಷಕ್ಕೆ ಆರಿಸುತ್ತಿದ್ದೆ. ಒಬ್ಬಳೇ ಕೂತು ಯಾರನ್ನು ಬೈಯುವುದು? ಜುಲೈಯಲ್ಲಿ ಒಂದು ದಿನ, ಹೊರಗೆ ಬೆಟ್ಟ ಕಾದು ಹೆಂಚಾಗಿತ್ತು, ಯೋಚನೆ ಬಂತು. ಇನ್ನು ನಿಯಮ ಯಾರಿಗೆ? ಅವಳೇ ಮುರಿದಿದ್ದಾಳಲ್ಲ. ಆ ಕಡಲೆಕಾಯಿ ಹೊಲದ ಪಕ್ಕದ ಮನೆಯ ಸಿನಿಮಾ ಹುಡುಕಿ, ಬಿಟ್ಟಲ್ಲಿಂದ ಹಾಕಿದೆ.

ಮಳೆ ಬರುತ್ತದೆ. ರಸ್ತೆ ಕೆಸರಾಗಿ ಬಸ್ಸು ಹೂತುಕೊಳ್ಳುತ್ತದೆ. ಬಡಾವಣೆಯವರೆಲ್ಲ ಸೇರಿ ತಳ್ಳುತ್ತಾರೆ, ಒಬ್ಬರ ಮೇಲೊಬ್ಬರು ಜಾರಿ ಬೀಳುತ್ತಾರೆ, ಒಂದು ಹಾಡು. ಗಂಡ ಕೆಸರಾದ ಪ್ಯಾಂಟಿನಲ್ಲೇ ಆಫೀಸಿಗೆ ಹೋಗಿ ಸಾಹೇಬರಿಂದ ಬೈಸಿಕೊಂಡು ಬರುತ್ತಾನೆ. ಪಕ್ಕದವಳು ಕಾಂಪೌಂಡಿನ ಮೇಲಿಂದ ಪಾಯಸ ಕೊಡುತ್ತಾಳೆ. ಮುಗಿಯಿತು.

ಕೆಲಸ ಹೋಗುವುದಿಲ್ಲ. ಡಬ್ಬಿಯೇ ಇಲ್ಲ. ಆ ಗಂಡ ಹೆಂಡತಿಗೆ ಹೆಣ್ಣುಮಕ್ಕಳಿರಲಿ, ಮಕ್ಕಳೇ ಇಲ್ಲ. ಇಷ್ಟು ದೊಡ್ಡ ವಿಮರ್ಶಕಿ ನಾನು, ಅಂದು ಅದೂ ನನ್ನ ತಲೆಗೆ ಹೋಗಿರಲಿಲ್ಲ.

ಬೇರೆ ಸಿನಿಮಾ ಇರಬಹುದು ಎಂದು ಮತ್ತೊಮ್ಮೆ ಮೊದಲಿನಿಂದ ಓಡಿಸಿ ನೋಡಿದೆ. ಅದೇ. ಟೀವಿ ಆರಿಸಿ ಕೂತೆ. ಬಂದರಿನ ಎದುರು ನಿಂತಿದ್ದ ಕಾರು, ಮುಖದ ಮೇಲಿನ ಕರವಸ್ತ್ರ, ಚಹಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದದ್ದು, ಎಲ್ಲ ಒಟ್ಟಿಗೆ ಬಂತು. ಅವಳು ತನ್ನ ಮನೆಯ ಕಥೆಯನ್ನು ಸಿನಿಮಾದ ಬಾಯಲ್ಲಿಟ್ಟು ನನ್ನ ಮುಂದೆ ಇಟ್ಟಿದ್ದಳು. ನಿನಗೆ ಹೇಳಲಾ ಎಂದು ನನ್ನನ್ನೇ ಕೇಳಿದ್ದಳು. ಹೇಳಿದರೆ ಬಾಗಿಲು ತೆಗೆಯುವುದಿಲ್ಲ ಎಂದು ನಾನು ನಗುತ್ತ ಉತ್ತರ ಕೊಟ್ಟಿದ್ದೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಸಂಜೆ ಗಂಡನನ್ನು ಕೇಳಿದೆ.

"ಆ ಸುವೈಕ್ ಬ್ರಾಂಚ್ ಜನವರೀಲೇ ಖಲಾಸ್ ಆಯ್ತಲ್ಲ," ಎಂದರು ಶೂ ಬಿಚ್ಚುತ್ತ. "ಹೋಗೋ ದಿನ ಕೆಳಗೆ ಹೇಳಿದ್ರು. ನಿನಗೆ ಮೊದಲೇ ಗೊತ್ತಿರುತ್ತೆ ಅಂದ್ಕೊಂಡೆ. ದಿನಾ ಒಟ್ಟಿಗೇ ಇರ್ತಿದ್ರಲ್ಲ ಇಬ್ರೂ?"

"ಮೊದಲೇ ಹೇಳಿದ್ರೆ ನಿಮ್ಮ ಆಫೀಸಲ್ಲಿ ಏನಾದ್ರೂ ಆಗ್ತಿತ್ತೇನ್ರೀ?"

"ಗೊತ್ತಿಲ್ಲ. ಕೇಳಿ ನೋಡಬಹುದಿತ್ತು."

ಅವರು ಬೇಸರದಿಂದ ಹೇಳಲಿಲ್ಲ, ಸುಮ್ಮನೆ ಹೇಳಿದರು. ಆ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಅವರ ಊಟದ ಡಬ್ಬಿಯನ್ನು ಈಗ ದಿನಾ ಸಂಜೆ ನಾನೇ ಬ್ಯಾಗಿನಿಂದ ತೆಗೆಯುತ್ತೇನೆ. ತಳದಲ್ಲಿ ಸಾರು ಒಣಗಿ ಅಂಟಿದ್ದರೆ, ಮುಚ್ಚಳಕ್ಕೆ ಅನ್ನದ ಅಗುಳು ಮೆತ್ತಿದ್ದರೆ ಜೀವಕ್ಕೆ ಸಮಾಧಾನ. ಮೊದಲು ಅದಕ್ಕೇ ಜಗಳವಾಡುತ್ತಿದ್ದೆ.

ಅವಳಿಗೆ ಫೋನು ಮಾಡಲು ನನಗೆ ಎರಡು ತಿಂಗಳು ಬೇಕಾಯಿತು. ಮಂಗಳೂರಿನ ಹೊರಗೆ ಹೊಸ ಬಡಾವಣೆಯೊಂದರಲ್ಲಿ ಬಾಡಿಗೆಗೆ ಇದ್ದಾರೆ ಎಂದು ಚರ್ಚಿನವರಿಂದ ತಿಳಿದಿತ್ತು. ಏನು ಹೇಳಬೇಕೆಂದು ಒಂದು ವಾರ ಪಾತ್ರೆ ತೊಳೆಯುತ್ತ ತಾಲೀಮು ಮಾಡಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಮಗಳು ಶಾಲೆಯಿಂದ ಬಂದು ಉಂಡು ಮಲಗಿದ ಮೇಲೆ, ಅಡುಗೆಮನೆಯ ಬಾಗಿಲು ಹಾಕಿಕೊಂಡು ನಂಬರು ಒತ್ತಿದೆ. ಇಲ್ಲಿ ಎರಡು, ಅಲ್ಲಿ ಮೂರೂವರೆ.

ಬೇಗ ಎತ್ತಿದಳು. ಸೌಖ್ಯವಾ ಎಂದಳು. ಮಕ್ಕಳು, ಸೆಕೆ, ಮಳೆ, ಎಲ್ಲ ಆಯಿತು. ಅವಳ ಗಂಡನ ಬಗ್ಗೆ ಕೇಳಲು ಬಾಯಿ ಬರಲಿಲ್ಲ. ಅವಳೂ ಹೇಳಲಿಲ್ಲ. ತಾಲೀಮು ಮಾಡಿದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಕಡೆಗೆ ಹೇಳಿದೆ.

"ಆ ಸಿನಿಮಾ ಇತ್ತಲ್ಲ, ಕಡಲೆಕಾಯಿ ಹೊಲದ್ದು. ಅದಕ್ಕೆ ನಾನು ಬೇರೆ ಕೊನೆ ಮಾಡಿದೀನಿ ಕಣೇ. ಆ ಹೆಂಗಸು ಹೋಗಿ ಪಕ್ಕದ ಮನೆಯವಳಿಗೆ ಎಲ್ಲ ಹೇಳ್ತಾಳೆ. ಅವಳು ಬಾಗಿಲು ತೆಗೀತಾಳೆ. ತೆಗೆದೇ ಇಟ್ಟಿರ್ತಾಳೆ."

ಆ ಕಡೆ, ಹಿಂದೆ ಎಲ್ಲೋ ಫ್ಯಾನು ತಿರುಗುವ ಸದ್ದು, ಮಗುವೊಂದು ಏನೋ ಓದುತ್ತಿದ್ದ ಸದ್ದು.

"ಚೆಂದ ಉಂಟು ಕೊನೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೆ ಏನಾದರೂ ಹೇಳಲು ಆಗುತ್ತಿತ್ತು. ಆಮೇಲೆ ಅವಸರದಲ್ಲಿ ಹೇಳಿದಳು. "ಮಕ್ಕಳ ಬಸ್ ಬಂತು ಮಾರಾಯ್ರೆ, ಇಡ್ತೇನೆ ಆಯ್ತಾ."

ಫೋನು ಕೆಳಗಿಟ್ಟು ಸ್ವಲ್ಪ ಹೊತ್ತು ಹಗುರಾದ ಹಾಗಿತ್ತು. ಹೇಳಿದೆನಲ್ಲ. ಮತ್ತೆ ಮಾಡಿದರಾಯಿತು, ಬಸ್ಸು ಇಲ್ಲದ ಹೊತ್ತು ನೋಡಿ ಮಾಡಬೇಕು ಎಂದುಕೊಂಡೆ. ಮರೆಯದಿರಲಿ ಎಂದು ಗುರುತು ಹಾಕಲು ಫ್ರಿಜ್ಜಿನ ಪಕ್ಕ ತೂಗುಹಾಕಿದ ಮೈಸೂರಿನ ಕ್ಯಾಲೆಂಡರಿನ ಮುಂದೆ ಪೆನ್ನು ಹಿಡಿದು ನಿಂತೆ. ಅಂದಿನ ತಾರೀಕು ಕೆಂಪಕ್ಷರದಲ್ಲಿತ್ತು. ಭಾನುವಾರ. ಊರಿನಲ್ಲಿ ಆ ದಿನ ಯಾವ ಮಕ್ಕಳ ಬಸ್ಸೂ ಬರುವುದಿಲ್ಲ.